ನೆರೆ ಇಳಿದ ಮೇಲೆ ಮನೆಗೆ ಮರಳುವ ಮುನ್ನ



2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಊರುಗಳನ್ನು ಹೊಕ್ಕದ್ದನ್ನು ನೀವು ಮರೆತಿರಲಾರಿರಿ. ನೀರು ಇಳಿದ ಕೂಡಲೇ ಮಕ್ಕಳುಮರಿಗಳೊಡನೆ ಒಳಗೆ ಹೋಗಿ ಮಲಗುವುದು ಸರಿಯಲ್ಲ.

ಮಣ್ಣಿನ ಗೋಡೆ ನೀರು ನಿಂತಾಗ ಬೀಳದೆ, ಸರಿದ ಮೇಲೆ ಬೀಳುವುದುಂಟು. ಬುಡ ನೆನೆದು ಮೆತ್ತಗಾಗಿರುತ್ತದೆ. ಮಾಳಿಗೆಯ ಮಣ್ಣು ಮಳೆ ಕುಡಿದು ಭಾರವಾಗಿರುತ್ತದೆ. ಗೋಡೆ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ, ತೊಲೆ ಜಾರಿದೆಯೇ ಎಂದು ಹಗಲಿನಲ್ಲಿ, ಹೊರಗಿನಿಂದಲೇ ನೋಡಿರಿ. ಸಂಶಯವಿದ್ದರೆ ಗುಡಿಯಲ್ಲೋ ಶಾಲೆಯಲ್ಲೋ ಇನ್ನಷ್ಟು ದಿನ ಇರುವುದೇ ಲೇಸು.

ಹಗೇವು ಇನ್ನೂ ಉಳಿಸಿಕೊಂಡವರಿಗೆ ಒಂದು ಮಾತು. ನೀರು ಹೊಕ್ಕ ಹಗೇವಿನಲ್ಲಿ ಜೋಳ ಕೊಳೆತು ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ. ಇಳಿದವನು ಕೂಗಲೂ ಆಗದೆ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನ ಗತಿಯೂ ಅದೇ. ದೀಪ ಇಳಿಬಿಟ್ಟು ನೋಡುವ ಹಿರಿಯರ ಪದ್ಧತಿಯನ್ನೂ ಇಲ್ಲಿ ನಂಬಬೇಡಿರಿ. ಇಳಿಯಲೇಕೂಡದು. ಬೂಸು ಹಿಡಿದ ಆ ಜೋಳವನ್ನು ದನಗಳಿಗೂ ಹಾಕಬಾರದು, ನಷ್ಟವೆಂದು ಮನಸ್ಸು ಎಷ್ಟು ಮರುಗಿದರೂ.

ನೆರೆಯ ನೀರು ತಿಪ್ಪೆ, ಪಾಯಖಾನೆಗಳನ್ನು ತೊಳೆದು ಬಂದದ್ದು. ಬಾವಿಯ ನೀರನ್ನು ಹೊರಚೆಲ್ಲಿ, ಆರೋಗ್ಯ ಸಿಬ್ಬಂದಿಯಿಂದ ಬ್ಲೀಚಿಂಗ್ ಪುಡಿ ಹಾಕಿಸಿರಿ. 1000 ಲೀಟರಿಗೆ 2.5 ಗ್ರಾಂ ಎಂಬುದು ಸಾಧಾರಣ ಕಾಲದ ಲೆಕ್ಕ; ನೆರೆ ಹೊಕ್ಕ ಬಾವಿಗೆ ಅದು ಸಾಲದು. ಅಲ್ಲಿಯವರೆಗೆ ಚೆನ್ನಾಗಿ ಕುದಿಸಿದ ನೀರನ್ನೇ ಕುಡಿಯಿರಿ.

ಕಾಲಿನಲ್ಲಿ ಗಾಯವಿದ್ದವರು ಕೆಸರು ಬಳಿಯಲು ಇಳಿಯಬೇಡಿರಿ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ತಗಲುತ್ತದೆ. ಜ್ವರ, ಮೀನಖಂಡದ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ನೆರೆಯ ನೀರಿನಲ್ಲಿ ನಡೆದಿದ್ದೆನೆಂದು ವೈದ್ಯರಿಗೆ ತಪ್ಪದೆ ಹೇಳಿರಿ.