ಮರ ನೋಡಿ ಕೋವಿ ಕೊಳ್ಳುವವರು

ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಜಿಂಕೆ ಹೊಡೆಯುವುದು ಶೋಕಿ ಎಷ್ಟೋ ದುಡಿಮೆಯೂ ಅಷ್ಟೇ. ತೋಳಗಳು ಅಲ್ಲಿ ಅಳಿದು ಶತಮಾನಗಳೇ ಆದವು. ಕೆಂಪು ಜಿಂಕೆಯ ಹಿಂಡುಗಳನ್ನು ಹದ್ದುಬಸ್ತಿನಲ್ಲಿಡುವ ಬೇರೆ ಪ್ರಾಣಿ ಉಳಿದಿಲ್ಲ. ಬಿಟ್ಟರೆ ಪೈನ್, ಬರ್ಚ್ ಸಸಿಗಳನ್ನು ಅವು ಮೊಣಕಾಲೆತ್ತರಕ್ಕೂ ಏಳಗೊಡುವುದಿಲ್ಲ. 2023ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಗಂಡು ಜಿಂಕೆಗಳಿಗಿದ್ದ ಬೇಟೆ ನಿಷೇಧದ ತಿಂಗಳುಗಳನ್ನೇ ತೆಗೆದುಹಾಕಿತು. ಹೆಣ್ಣು ಕೆಂಪು ಜಿಂಕೆಗೆ ಮಾತ್ರ ಹಳೆಯ ಲೆಕ್ಕವೇ: ಅಕ್ಟೋಬರ್ 21ರಿಂದ ಫೆಬ್ರವರಿ 15. ಮಳೆ, ಆಲಿಕಲ್ಲು, ಹಿಮ ಮೂರೂ ಒಂದೇ ದಿನದಲ್ಲಿ ಬಿದ್ದರೂ ಯಾರೂ ಬೆರಗಾಗದ ಕಾಲ ಅದು. ಮರದ ಮೈಯ ರೈಫಲ್ ಕೊಳ್ಳಹೊರಟವರು ಅಂಗಡಿಯ ದೀಪದಡಿ ನಿಂತಾಗ ಮರೆಯುವುದು ಈ ತಾರೀಕುಗಳನ್ನೇ.

ಮಲೆನಾಡಿನಿಂದ ಅಲ್ಲಿಗೆ ಹೋಗಿ ನೆಲೆಸಿದ ನನ್ನಂಥವರಿಗೆ ಇನ್ನೊಂದು ತೊಡಕು. ಬೇಟೆಯ ಕೋವಿಯೆಂದರೆ ನಮ್ಮ ತಲೆಯಲ್ಲಿ ಮೊದಲೇ ಒಂದು ಚಿತ್ರವಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಕಡವೆ, ಜಿಂಕೆಗಳ ಬೇಟೆ ಬರೀ ಕತೆಯಾಗಿ ಉಳಿಯಿತು. ಬೆಂಗಳೂರಿನ ಕೆನೆತ್ ಆಂಡರ್ಸನ್ ಹೊತ್ತು ತಿರುಗುತ್ತಿದ್ದ .405 ವಿಂಚೆಸ್ಟರ್, ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಮೇಲೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕ .275 ರಿಗ್ಬಿ, ಇವೆಲ್ಲ ಓದಿನಿಂದ ಬಂದ ಪರಿಚಯ. ಆಂಡರ್ಸನ್‌ನನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಮೇಲಂತೂ ಹೊಳೆಯುವ ಮರದ ಕೋವಿ ನಮ್ಮ ಒಂದು ತಲೆಮಾರಿನ ಕನಸಿನಲ್ಲಿ ಸೇರಿಕೊಂಡಿತು. ಕನಸು ಹಿಡಿದುಕೊಂಡು ಅಂಗಡಿಗೆ ಹೋದವರಿಗೆ ಮಾರುವುದು ಸುಲಭ.

ಬ್ರಿಟನ್ನಿನಲ್ಲಿ ನಾಲ್ಕು ರೈಫಲ್ ತಂದು ಒಂದನ್ನು ಇಟ್ಟುಕೊಳ್ಳುವ ಅವಕಾಶವಿಲ್ಲ. ಪೊಲೀಸರು ಕೊಡುವ ಪರವಾನಗಿಯಲ್ಲಿ ಪ್ರತಿಯೊಂದು ರೈಫಲ್ಲೂ ಕ್ಯಾಲಿಬರ್ ಸಮೇತ ನಮೂದಾಗಬೇಕು, ಪ್ರತಿಯೊಂದಕ್ಕೂ ಕಾರಣ ಹೇಳಬೇಕು. ಸ್ಕಾಟ್ಲೆಂಡಿನಲ್ಲಿ ಕೆಂಪು ಜಿಂಕೆಗೆ ಬಳಸುವ ಗುಂಡು ನಳಿಗೆಯ ಬಾಯಲ್ಲಿ ಸೆಕೆಂಡಿಗೆ ಕನಿಷ್ಠ 2450 ಅಡಿ ವೇಗ, 1750 ಅಡಿ-ಪೌಂಡ್ ಶಕ್ತಿ ತೋರಿಸಬೇಕೆಂದು ಕಾನೂನಿದೆ. 1894ರ 6.5x55 ಸ್ವೀಡಿಷ್, 1925ರ .270 ವಿಂಚೆಸ್ಟರ್, 1952ರ .308 ಇವೆಲ್ಲ ಆ ಗೆರೆಯನ್ನು ಆರಾಮಾಗಿ ದಾಟುತ್ತವೆ. ಕ್ಯಾಲಿಬರಿನ ಬಗ್ಗೆ ರಾತ್ರಿಯಿಡೀ ಜಗಳವಾಡುವ ಜನ ಅಲ್ಲೂ ಇದ್ದಾರೆ, ಆಡಿಕೊಳ್ಳಲಿ.

ಮರದ ವಿಷಯಕ್ಕೆ ಬಂದರೆ ಮಾತು ಅಕ್ರೋಟಿನಿಂದಲೇ ಶುರುವಾಗಬೇಕು. ಸೈನ್ಯದ ಬಂದೂಕುಗಳಿಗೆ ಬೀಚ್, ಬರ್ಚ್ ಕೂಡ ನಡೆದಿವೆ. ಒಳ್ಳೆಯ ಬೇಟೆ ರೈಫಲ್ಲಿಗೆ ಮಾತ್ರ ಟರ್ಕಿ, ಕಾಕಸಸ್, ಫ್ರಾನ್ಸ್ ಕಡೆಯ ಅಕ್ರೋಟು, ಇಲ್ಲವೇ ಅಮೆರಿಕದ ಕಪ್ಪು ಅಕ್ರೋಟು. ತೂಕ ಕಡಿಮೆ, ಗಟ್ಟಿತನ ಸಾಕಷ್ಟು, ಉಳಿಗೆ ಒಗ್ಗುತ್ತದೆ, ಗುಂಡಿನ ಒದೆತಕ್ಕೆ ಬೇಗ ಸೀಳುವುದಿಲ್ಲ, ಚೆನ್ನಾಗಿ ಒಣಗಿಸಿದರೆ ಹೆಚ್ಚು ಡೊಂಕಾಗುವುದೂ ಇಲ್ಲ. ವ್ಯಾಪಾರಿಗಳು ಈ ಮರವನ್ನು ದರ್ಜೆ ಹಾಕಿ ಮಾರುತ್ತಾರೆ. ಆ ದರ್ಜೆ ಬಹುಮಟ್ಟಿಗೆ ಅಂದಕ್ಕೆ ಕೊಟ್ಟ ಅಂಕ. ಬೇರಿನ ಹತ್ತಿರ, ಕೊಂಬೆ ಕವಲೊಡೆಯುವ ಕಡೆ ಸಿಗುವ ಸುಳಿಸುಳಿಯಾದ ಚಿತ್ತಾರಕ್ಕೆ ಸಾವಿರಾರು ಪೌಂಡ್ ಕೊಡುವವರಿದ್ದಾರೆ.

ಹೈಲ್ಯಾಂಡ್ಸಿನಲ್ಲಿ ನನಗೆ ಪರಿಚಯವಾದ ವಯಸ್ಸಾದ ಬಂದೂಕು ಬಡಗಿಯೊಬ್ಬ ಈ ಚಿತ್ತಾರದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಗಿರಾಕಿ ತಂದ ರೈಫಲ್ಲನ್ನು ಅವನು ಮೊದಲು ಮಗುಚಿ ಹಿಡಿಯುವನು. ಬಲಗೈ ಬೆರಳುಗಳು ಸುತ್ತಿ ಹಿಡಿಯುವ ಸಪೂರ ಕುತ್ತಿಗೆಯ ಮೇಲೆ ಹೆಬ್ಬೆರಳು ಆಡಿಸಿ, ಮರದ ಎಳೆ ಯಾವ ದಿಕ್ಕಿಗೆ ಓಡುತ್ತದೆಂದು ನೋಡುವನು. ಎಳೆಗಳು ಕುತ್ತಿಗೆಯ ಉದ್ದಕ್ಕೂ ಅದರ ಬಾಗಿಗೆ ಒಪ್ಪಿಕೊಂಡು ಹರಿಯಬೇಕು. ನೇಗಿಲಿಗೆ ಮರ ಹುಡುಕುವ ನಮ್ಮೂರ ಬಡಗಿಯೂ ಹೀಗೇ, ಹುಟ್ಟಾ ಬಾಗಿದ ಕೊಂಬೆ ಕಂಡ ಮೇಲೆಯೇ ಕೊಡಲಿ ಎತ್ತುತ್ತಾನೆ. ಎಳೆ ಅಡ್ಡಲಾಗಿ ಓಡಿದ್ದರೆ ರೈಫಲ್ ಒಮ್ಮೆ ಬಂಡೆಯ ಮೇಲೆ ಬಿದ್ದಾಗ ತುಂಡಾಗುವುದು ಆ ಕುತ್ತಿಗೆಯಲ್ಲೇ. ಚಿತ್ತಾರ ಬೇಕೆಂದರೆ ಭುಜಕ್ಕೆ ತಾಗುವ ಬುಡದಲ್ಲಿರಲಿ, ಅಲ್ಲಿಗೆ ಒತ್ತಡ ಕಡಿಮೆ ಎಂಬುದು ಅವನ ಲೆಕ್ಕ.

ಆಮೇಲೆ ಅವನು ತಿರುಪು ಬಿಚ್ಚಿ ಉಕ್ಕನ್ನೂ ಮರವನ್ನೂ ಬೇರೆ ಮಾಡುತ್ತಿದ್ದ. ಹೊರಗಿನ ಹೊಳಪು ಮುಚ್ಚಿಟ್ಟದ್ದೆಲ್ಲ ಬಯಲಾಗುವುದು ಆಗಲೇ. ಕೈಕೆಲಸದ ಪದ್ಧತಿಯಲ್ಲಿ ಉಕ್ಕಿನ ಭಾಗಕ್ಕೆ ದೀಪದ ಕಾಡಿಗೆ ಬಳಿದು ಮರದ ಗುಳಿಯಲ್ಲಿ ಒತ್ತುತ್ತಾರೆ. ಕಪ್ಪು ಅಂಟಿದ ಕಡೆಯಷ್ಟೇ ಹೆರೆದು, ಮತ್ತೆ ಬಳಿದು, ಮತ್ತೆ ಒತ್ತಿ, ಗುಳಿಯ ತುಂಬ ಸಮವಾಗಿ ಕಪ್ಪು ಕೂರುವವರೆಗೆ ದಿನಗಟ್ಟಲೆ ಇದೇ ಕೆಲಸ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲವೆಲ್ಲ ಬೀಳುವುದು ಅಡಿಯಲ್ಲಿ ಚಾಚಿಕೊಂಡಿರುವ ಒಂದು ಚಿಕ್ಕ ಉಕ್ಕಿನ ಗೂಟದ ಮೇಲೆ. ಅದರ ಹಿಂದಿನ ಮರ ಬಿಗಿಯಾಗಿ ಕೂತಿರದಿದ್ದರೆ ಪ್ರತಿ ಈಡಿಗೂ ಉಕ್ಕು ಕೂದಲೆಳೆಯಷ್ಟು ಸರಿಯುತ್ತದೆ, ಗುರಿ ಅಲೆಯುತ್ತದೆ, ಕೊನೆಗೆ ಮರ ಬಿರಿಯುತ್ತದೆ. ಈಗ ಆ ಜಾಗಕ್ಕೆ ಎಪಾಕ್ಸಿ ತುಂಬುವುದು ರೂಢಿ. ಸಂಪ್ರದಾಯಸ್ಥರು ಮೂಗು ಮುರಿದರೂ ಮಳೆನಾಡಿನಲ್ಲಿ ಅದು ಜಾಣತನವೇ.

ಮಳೆಯ ನಿಜವಾದ ಕಿತಾಪತಿ ಇರುವುದು ಮುಂದಿನ ಭಾಗದಲ್ಲಿ. ನಳಿಗೆಯ ಕೆಳಗಿನ ಮರ ತೇವ ಕುಡಿದು ಉಬ್ಬಿ ಒಂದು ಮಗ್ಗುಲಿಗೆ ಒತ್ತತೊಡಗಿದರೆ, ನಿನ್ನೆ ನೂರು ಮೀಟರಿನಲ್ಲಿ ನಡುವಿಗೆ ಬೀಳುತ್ತಿದ್ದ ಗುಂಡು ಇವತ್ತು ಪಕ್ಕಕ್ಕೆ ಹೋಗುತ್ತದೆ. ಅಲ್ಲಿನ ಜಿಂಕೆ ಬೇಟೆಯ ಮೊದಲ ಹಂತದ ಪರೀಕ್ಷೆಯಲ್ಲಿ ನೂರು ಮೀಟರಿನಿಂದ ನಾಲ್ಕು ಇಂಚಿನ ವೃತ್ತದೊಳಗೆ ಗುಂಡು ಹಾಕಿ ತೋರಿಸಬೇಕು. ಗುಡ್ಡದಲ್ಲಿ ಅದರ ಆಚೆಗಿನ ಇಂಚು ಎಂದರೆ ಗಾಯಗೊಂಡು ಕಣ್ಮರೆಯಾದ ಪ್ರಾಣಿ. ಅದಕ್ಕೇ ನಳಿಗೆ ಮರವನ್ನು ಮುಟ್ಟದಂತೆ ಸಂದು ಬಿಟ್ಟಿರುತ್ತಾರೆ. ಒಂದು ನೋಟನ್ನು ನಳಿಗೆಯ ಅಡಿಗೆ ತೂರಿಸಿ ಹಿಂದಕ್ಕೆಳೆದರೆ ಅದು ಎಲ್ಲೂ ಸಿಕ್ಕಿಕೊಳ್ಳದೆ ಜಾರಬೇಕು. ಅಂಗಡಿಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ.

ಹಾಗೆ ನೋಡಿದರೆ ಎಲ್ಲಕ್ಕಿಂತ ಚೆಂದದ ರೈಫಲ್ಲೇ ಎಲ್ಲಕ್ಕಿಂತ ತಾಪತ್ರಯದ್ದು. 1903ರ ಮಾನ್ಲಿಷರ್-ಶೋನೌವರ್ ಕಾರ್ಬೈನಿನಲ್ಲಿ ಮರ ನಳಿಗೆಯ ತುದಿಯವರೆಗೂ ಹೋಗುತ್ತದೆ. ಹಗುರ, ಮೋಟು, ಬೋಲ್ಟ್ ಬೆಣ್ಣೆಯಷ್ಟು ನುಣುಪು. ಹಳೆಯ ಬೇಟೆಗಾರರು ಅದರ ಹೆಸರೆತ್ತಿದರೇ ಕಣ್ಣರಳಿಸುತ್ತಾರೆ. ಉಬ್ಬಲು ಅಷ್ಟುದ್ದದ ಮರವಿದ್ದ ಮೇಲೆ ಗುರಿ ಅಲುಗುವ ಅವಕಾಶವೂ ಅಷ್ಟೇ ಉದ್ದ. ಜೊತೆಗೆ ಅದರ ಮೂಲದ 160 ಗ್ರೇನಿನ ನಿಧಾನದ ಗುಂಡು ಸ್ಕಾಟ್ಲೆಂಡಿನ 2450 ಅಡಿಯ ಗೆರೆ ಮುಟ್ಟುವುದಿಲ್ಲ. ಹಗುರ ಗುಂಡು ಹುಡುಕಿಕೊಳ್ಳಬೇಕು. ಇಷ್ಟಾದರೂ ಅದನ್ನೇ ಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ, ಕೊಂಚ ಹೊಟ್ಟೆಕಿಚ್ಚೇ ಇದೆ.

ಹಳೆಯ ರೈಫಲ್ಲುಗಳ ಇನ್ನೊಂದು ಗುಟ್ಟು ಕೆನ್ನೆಗೆ ಸಂಬಂಧಿಸಿದ್ದು. ನಳಿಗೆಯ ಮೇಲಿನ ಲೋಹದ ಗುರಿಕಡ್ಡಿಗೆ ಕಣ್ಣಿಡಲೆಂದು ಮಾಡಿದ ಮರ ತಗ್ಗಾಗಿರುತ್ತದೆ. ಅದರ ಮೇಲೆ ದುರ್ಬೀನು ಕೂರಿಸಿದರೆ ಕಣ್ಣು ಸರಿಹೊಂದಲು ತಲೆ ಎತ್ತಬೇಕು, ಕೆನ್ನೆಗೆ ಆಸರೆ ತಪ್ಪುತ್ತದೆ. ಹಾಗಾಗಿ ಕಣ್ಣು ಮುಚ್ಚಿ ರೈಫಲ್ಲನ್ನು ಭುಜಕ್ಕೆ ತಂದು, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ಬಿಡಬೇಕು. ದುರ್ಬೀನಿನ ತುಂಬ ಬೆಳಕು ಕಂಡರೆ ಸರಿ. ಕಾರ್ಖಾನೆಯ ಮರ ಸಾಮಾನ್ಯವಾಗಿ ಬೆರಳಿಂದ ಎಳೆಯುವ ಕುದುರೆಯಿಂದ ಬುಡಕ್ಕೆ 14 ಇಂಚಿನ ಆಸುಪಾಸು ಇರುತ್ತದೆ; ಚಳಿಗಾಲದ ದಪ್ಪ ಕೋಟು ಹಾಕಿದ ಕುಳ್ಳ ಮನುಷ್ಯನಿಗೆ ಅದು ಉದ್ದ. ಇಲ್ಲಿ ಮರದ ಒಂದು ದೊಡ್ಡ ಉಪಕಾರವಿದೆ: ಕೊಯ್ದು ಮೋಟು ಮಾಡಬಹುದು, ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಆವಿಯಿಂದ ಜಜ್ಜುಗಾಯ ಎಬ್ಬಿಸಬಹುದು, ಸಣ್ಣ ಬಿರುಕಿಗೆ ಅಂಟು ಹಾಕಬಹುದು. ಮಳೆಗೆ ಪ್ಲಾಸ್ಟಿಕ್ಕೇ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ರಿಪೇರಿಗೆ ಒಗ್ಗುವುದು ಮರ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಳಿಗೆಯ ಮೇಲಿನ ಪರೀಕ್ಷಾ ಮುದ್ರೆ ನೋಡದೆ ಹಣ ಬಿಚ್ಚಬಾರದು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಿಂದ ಈ ಕೆಲಸ ಮಾಡುತ್ತಿದೆ, ಲಂಡನ್ನಿನ ಬಂದೂಕುಗಾರರ ಸಂಘ ಅದಕ್ಕೂ ಹಳೆಯದು, 1637ರದ್ದು. ಮರದಲ್ಲಾದರೆ ಉಕ್ಕಿನ ಬಾಲ ಮುಗಿಯುವ ಕಡೆ ಕೂದಲೆಳೆಯ ಬಿರುಕಿದೆಯೇ ನೋಡಬೇಕು. ಹಿಂದಿನ ಮಾಲೀಕ ಧಾರಾಳವಾಗಿ ಎಣ್ಣೆ ಹಾಕಿ ನಳಿಗೆ ಮೇಲಾಗಿ ನಿಲ್ಲಿಸಿಟ್ಟಿದ್ದರೆ ಎಣ್ಣೆಯೆಲ್ಲ ಇಳಿದು ಕುತ್ತಿಗೆಯ ಮರ ಕಪ್ಪಾಗಿ ಮೆತ್ತಗಾಗಿರುತ್ತದೆ. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್, ಸ್ವೀಡನ್ನಿನ ಹಸ್ಕ್‌ವರ್ನಾ, ಜೆಕ್ ದೇಶದ ಬ್ರನೋ ಈ ಮೂರೂ ಹಳೇ ಮಾಲಿನ ಕಪಾಟಿನಲ್ಲಿ ಈಗಲೂ ಸಿಗುತ್ತವೆ. ಬಹುತೇಕ ಪಾಲ್ ಮೌಸರ್‌ನ 1898ರ ಬೋಲ್ಟಿನ ವಂಶದವೇ. ಹೊಸದರಲ್ಲಿ ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ಹಂಟರ್‌ನ ಅಕ್ರೋಟು ತೀರಾ ಸಾದಾ. ಎಳೆ ನೇರ, ಗುರಿ ನಿಖರ. ಅಂದದ ಹಂಬಲವಿಲ್ಲದವರಿಗೆ ಅಷ್ಟು ಸಾಕು. ಮರದಲ್ಲಿ ಕಂಜೂಸಿ ಮಾಡಿದರೆ ಗಿರಾಕಿಗೆ ಗೊತ್ತಾಗುತ್ತದೆಂಬುದಕ್ಕೆ ಅಮೆರಿಕದ ವಿಂಚೆಸ್ಟರ್ ಮಾಡೆಲ್ 70 ಸಾಕ್ಷಿ. 1964ರಲ್ಲಿ ಖರ್ಚು ಉಳಿಸಲು ಬೋಲ್ಟನ್ನೂ ಬದಲಿಸಿ, ಕೈಯಿಂದ ಕೊರೆಯುವ ಚೌಕುಳಿ ಬಿಟ್ಟು ಅಚ್ಚಿನಲ್ಲಿ ಒತ್ತಿದರು. ಇಂದಿಗೂ ಜನ ಕೇಳುವುದು ಅದಕ್ಕಿಂತ ಹಿಂದಿನದನ್ನೇ.

ಈ ಮಾತುಗಳನ್ನೆಲ್ಲ ಹೇಳದೆಯೇ ಬಲ್ಲವರನ್ನು ನಾನು ಕಂಡದ್ದು ಕೊಡಗಿನವರಲ್ಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದಿನ ದಿನ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುವ ಆ ಕೋವಿಗಳಲ್ಲಿ ಹಲವು ತಲೆಮಾರುಗಳ ಮಳೆಗಾಲ ಕಂಡಂಥವು. ಅಲ್ಲಿಂದ ಬಂದ ಗೆಳೆಯನೊಬ್ಬ ನನ್ನ ಹಳೆಯ ಬ್ರನೋವನ್ನು ಕೈಗೆ ತೆಗೆದುಕೊಂಡವನೇ ಕುತ್ತಿಗೆಯನ್ನು ಸವರಿ, ನಾರಗಸೆ ಎಣ್ಣೆ ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದ. ತೆಳುವಾಗಿ, ವರ್ಷಕ್ಕೆ ಒಂದೆರಡು ಸಲ ಎಂದೆ. ಗುಡ್ಡದಿಂದ ಬಂದ ಕೂಡಲೇ ಒರೆಸಿ, ಬೆಂಕಿಯಿಂದ ದೂರ, ನಳಿಗೆ ಕೆಳಗೆ ಮಾಡಿ ಒಣಗಿಸುತ್ತೇನೆ ಎಂದೂ ಸೇರಿಸಿದೆ. ಅವರ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಂದು ಕೋವಿಯ ಮರ ಸೀಳಿಹೋದ ಕತೆಯನ್ನು ಅವನು ಶುರುಮಾಡಿದ.