ನಾಡಿ ತೋರಿಸುವ ಮೊದಲು ಮುಂಡಗೋಡಿನಲ್ಲಿ ಒಂದು ರಾತ್ರಿ

ಟಿಬೆಟನ್ ವೈದ್ಯರಿಗೆ ನಾಡಿ ತೋರಿಸಲು ಮುಂಡಗೋಡಿಗೆ ಹೊರಟಿದ್ದರೆ ಹಿಂದಿನ ದಿನವೇ ಬಂದು ಉಳಿಯಿರಿ. ಬೆಳಿಗ್ಗೆ ಬಸ್ಸು ಹತ್ತಿ, ತೋರಿಸಿ, ಸಂಜೆಯೊಳಗೆ ಮನೆ ಸೇರುವ ಲೆಕ್ಕಾಚಾರ ಈ ವೈದ್ಯಕ್ಕೆ ಒಗ್ಗುವುದಿಲ್ಲ. ಸೋವಾ ರಿಗ್ಪಾ ಎಂಬ ಈ ಪದ್ಧತಿಯ ಮೂಲಗ್ರಂಥ ‘ಗ್ಯುಶಿ’ ನಾಡಿ ನೋಡಲು ನಸುಕಿನ ಹೊತ್ತನ್ನು ಹೇಳುತ್ತದೆ. ಹಿಂದಿನ ದಿನ ರೋಗಿ ದಣಿದಿರಬಾರದು, ಮಾಂಸ, ಮದ್ಯ ಮುಟ್ಟಿರಬಾರದು, ನಿದ್ದೆ ನೆಮ್ಮದಿಯಾಗಿ ಆಗಿರಬೇಕು. ಮೂತ್ರ ನೋಡುವುದಿದ್ದರೆ ಎದ್ದ ಕೂಡಲೇ ಹಿಡಿದದ್ದೇ ಬೇಕು. ಈಗ ಚಿಕಿತ್ಸಾಲಯಗಳು ಹಗಲಿನ ವೇಳೆಯಲ್ಲೇ ನೋಡುತ್ತವೆ, ನಿಜ. ಆದರೂ ವಿಶ್ರಾಂತಿ ಪಡೆದ ಮೈಯಿಂದ, ಖಾಲಿ ಹೊಟ್ಟೆಯಲ್ಲಿ ಮೊದಲಿಗರಾಗಿ ಹೋಗಿ ಕೂರುವುದು ಒಳ್ಳೆಯದು.

ಹುಬ್ಬಳ್ಳಿಯಿಂದ ತಡಸದ ಮೇಲೆ ಐವತ್ತು ಕಿಲೋಮೀಟರಿನೊಳಗಿನ ದಾರಿ. ರೈಲು, ವಿಮಾನ ಎರಡೂ ಹುಬ್ಬಳ್ಳಿಯವರೆಗೇ. ಹಳಿಯಾಳದವರು ಕಲಘಟಗಿ ಮೇಲೆ, ದಾಂಡೇಲಿ, ಜೋಯಿಡಾ ಕಡೆಯವರು ಯಲ್ಲಾಪುರದ ಮೇಲೆ ಬರಬಹುದು. ಮುಂಡಗೋಡ ಪೇಟೆಯಲ್ಲಿ ಇಳಿದು ಟಿಬೆಟನ್ ನೆಲೆಯ ಕ್ಯಾಂಪಿನ ನಂಬರು ಹೇಳಿದರೆ ಆಟೊದವರಿಗೆ ಗೊತ್ತಾಗುತ್ತದೆ. ಗಾಂದೆನ್ ಮಠ ಒಂದನೇ ಕ್ಯಾಂಪಿನಲ್ಲಿ, ದ್ರೆಪುಂಗ್ ಎರಡನೆಯದರಲ್ಲಿ. ಮಠದ ಅತಿಥಿಗೃಹದಲ್ಲಿ ಕೋಣೆ ಸಿಗುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಟಿಬೆಟನ್ ವೈದ್ಯಸಂಸ್ಥೆ ಮೆನ್-ತ್ಸೀ-ಖಾಂಗ್‌ನ ಇಲ್ಲಿನ ಶಾಖೆಯ ವೇಳೆಯನ್ನೂ ಆಗಲೇ ವಿಚಾರಿಸಿ. ಫೆಬ್ರವರಿ-ಮಾರ್ಚ್ ಹೊತ್ತಿನ ಟಿಬೆಟನ್ ಹೊಸವರ್ಷ ಲೋಸಾರ್ ಹಬ್ಬದಲ್ಲಿ ಬಂದರೆ ಬಾಗಿಲು ಮುಚ್ಚಿರುವುದೇ ಹೆಚ್ಚು.

ವಿದೇಶದಲ್ಲಿರುವ ಮಗನನ್ನೋ ಸೊಸೆಯನ್ನೋ ಕರೆತರುವವರು ಇದನ್ನು ಗಮನಿಸಲೇಬೇಕು. ವಿದೇಶಿ ಪಾಸ್‌ಪೋರ್ಟಿನವರು, ಒಸಿಐ ಕಾರ್ಡು ಇರುವವರೂ ಸೇರಿ, ಇಲ್ಲಿಗೆ ಬರಲು ಕೇಂದ್ರ ಗೃಹ ಇಲಾಖೆಯ ಪರವಾನಗಿ ಪಡೆದಿರಬೇಕು. ತಿಂಗಳುಗಳ ಮೊದಲೇ ಅರ್ಜಿ ಹಾಕಿ. ಭಾರತೀಯರಿಗೆ ಆ ತೊಡಕಿಲ್ಲ.

ಉಳಿದ ಸಂಜೆಯನ್ನು ಕೋಣೆಯಲ್ಲಿ ಕಳೆಯಬೇಡಿ. 1966ರಲ್ಲಿ ಕಾಡು ಕಡಿದು ನೆಲೆಯಾದ ಟಿಬೆಟನ್ ನಿರಾಶ್ರಿತರ ಊರು ಇದು. ಅಂದು ಬಂದವರ ಮಕ್ಕಳು, ಮೊಮ್ಮಕ್ಕಳು ಈಗ ಗೋವಿನಜೋಳ, ಭತ್ತ ಬೆಳೆಯುತ್ತಾರೆ, ಅಂಗಡಿ ನಡೆಸುತ್ತಾರೆ. ಚಳಿಗಾಲದಲ್ಲಿ ನಮ್ಮ ಪೇಟೆಗಳಲ್ಲಿ ಸ್ವೆಟರ್ ಮಾರುವವರಲ್ಲಿ ಎಷ್ಟೋ ಜನ ಇಲ್ಲಿಯವರೇ. ಆ ತಿಂಗಳುಗಳಲ್ಲಿ ಹಲವು ಮನೆಗಳಲ್ಲಿ ಅಜ್ಜ, ಅಜ್ಜಿ, ಮಕ್ಕಳಷ್ಟೇ. ಸಂಜೆ ಮಠದ ಅಂಗಳದಲ್ಲಿ ಭಿಕ್ಷುಗಳು ಶಾಸ್ತ್ರವಾದಕ್ಕೆ ನಿಲ್ಲುತ್ತಾರೆ. ಪ್ರಶ್ನೆ ಕೇಳುವವನು ಒಂದು ಕಾಲು ಎತ್ತಿ ನೆಲಕ್ಕೆ ಅಪ್ಪಳಿಸುತ್ತ ಚಪ್ಪಾಳೆ ಹೊಡೆಯುತ್ತಾನೆ, ಕೂತವನು ಉತ್ತರಿಸಬೇಕು. ದೂರ ನಿಂತು ನೋಡಿ, ಕೇಳದೆ ಮುಖದೆದುರು ಮೊಬೈಲು ಹಿಡಿಯಬೇಡಿ. ರಾತ್ರಿಗೆ ತರಕಾರಿ ಥುಕ್ಪಾ ಸಾಕು, ಮಾಂಸದ ಮೊಮೊ ನಾಡಿ ತೋರಿಸಿದ ಮೇಲಿರಲಿ.

ಬೆಳಿಗ್ಗೆ ಆಮ್ಚಿ, ಅಂದರೆ ವೈದ್ಯರು, ಎರಡೂ ಕೈಗಳ ನಾಡಿಯನ್ನು ಮೂರು ಮೂರು ಬೆರಳಿಟ್ಟು ನೋಡುತ್ತಾರೆ. ನಾಲಿಗೆ ನೋಡಿ, ಊಟ, ನಿದ್ದೆ ಕೇಳುತ್ತಾರೆ. ಲೂಂಗ್, ತ್ರಿಪಾ, ಬೇಕೆನ್ ಎಂಬ ಅವರ ಮೂರು ದೋಷಗಳು ನಮ್ಮ ವಾತ, ಪಿತ್ತ, ಕಫಗಳ ನೆಂಟರು. ಕೊಡುವ ಕಂದು ಗುಳಿಗೆ ಕಲ್ಲಿನಷ್ಟು ಗಟ್ಟಿ. ಹಾಗೇ ನುಂಗದೆ, ಕುಟ್ಟಿ ಬಿಸಿನೀರಿನಲ್ಲಿ ತೆಗೆದುಕೊಳ್ಳಿ. ಬಣ್ಣದ ಬಟ್ಟೆಯಲ್ಲಿ ಕಟ್ಟಿ ಕೊಡುವ ‘ರಿಂಚೆನ್’ ಗುಳಿಗೆಗಳಲ್ಲಿ ಕೆಲವಕ್ಕೆ ಸಂಸ್ಕರಿಸಿದ ಪಾದರಸ ಸೇರಿರುತ್ತದೆ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯವರು ತಮ್ಮ ಸ್ಥಿತಿಯನ್ನು ಮೊದಲೇ ಹೇಳಿ, ಅದು ಬೇಡವೆಂದರೂ ತಪ್ಪಿಲ್ಲ.

ಈ ಪದ್ಧತಿಗೆ 2010ರಲ್ಲಿ ಭಾರತದ ಕಾನೂನಿನ ಮಾನ್ಯತೆ ಸಿಕ್ಕಿದೆ. ಅಷ್ಟಕ್ಕೇ ಬಿಪಿ, ಶುಗರ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹಳೆಯ ರಿಪೋರ್ಟುಗಳನ್ನು ಆಮ್ಚಿಗೂ, ಗುಳಿಗೆಯ ಪೊಟ್ಟಣಗಳನ್ನು ನಿಮ್ಮ ಡಾಕ್ಟರಿಗೂ ತೋರಿಸಿ. ಎದೆನೋವು, ಪಾರ್ಶ್ವವಾಯು, ಬಿಡದ ಜ್ವರವಿದ್ದರೆ ಮುಂಡಗೋಡಿನ ದಾರಿ ಹಿಡಿಯದೆ ನೇರ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗಿ.