ಗ್ರಾಂಟ್ ರೋಡಿನ ಪಗಡಿ

ಶಬ್ದದಿಂದಲೇ ಶುರುಮಾಡೋಣ, ನಾವು ಕನ್ನಡದ ವಿದ್ಯಾರ್ಥಿಗಳಲ್ಲವೆ? ಮುಂಬಯಿಯ ಗ್ರಾಂಟ್ ರೋಡಿಗೆ ಆ ಹೆಸರು ಬಂದದ್ದು 1835ರಿಂದ 1838ರವರೆಗೆ ಗವರ್ನರನಾಗಿದ್ದ ರಾಬರ್ಟ್ ಗ್ರಾಂಟನಿಂದ. ಕಾಗದದಲ್ಲಿ ಆ ರಸ್ತೆ ಈಗ ಮೌಲಾನಾ ಶೌಕತ್ ಅಲಿ ರಸ್ತೆ. ಜನರ ಬಾಯಲ್ಲಿ ಮಾತ್ರ ಗ್ರಾಂಟ್ ರೋಡೇ. ಕಾಗದ ಹೇಳುವುದೊಂದು, ಜನ ನಡೆಸುವುದೊಂದು. ಇದಕ್ಕೆ ಇನ್ನೂ ದೊಡ್ಡ ಉದಾಹರಣೆ 'ಪಗಡಿ'.

ಮರಾಠಿಯಲ್ಲಿ ಪಗಡಿ ಅಂದರೆ ರುಮಾಲು. (ನಮ್ಮ ಪಗಡೆಯಾಟಕ್ಕೂ ಇದಕ್ಕೂ ನಂಟು ಹುಡುಕಬೇಡಿ, ಜೂಜು ಮಾತ್ರ ಎರಡರಲ್ಲೂ ಉಂಟು.) ಗ್ರಾಂಟ್ ರೋಡಿನಂಥ ಕಡೆಯ ಹಳೆಯ ಚಾಳುಗಳಲ್ಲಿ ಅದು ಖೋಲಿ ಹಿಡಿಯುವಾಗ ಕೊಡುವ ಇಡಿಗಂಟು. 1947ರ ಬಾಡಿಗೆ ಕಾಯಿದೆಯು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರನನ್ನು ಸುಲಭವಾಗಿ ಎಬ್ಬಿಸುವ ಹಾಗೂ ಇರಲಿಲ್ಲ. ಮಾಲೀಕ ಏನು ಮಾಡಿಯಾನು? ಬಾಡಿಗೆಯಲ್ಲಿ ಸಿಗದ್ದನ್ನು ಪಗಡಿಯಲ್ಲಿ ತೆಗೆದ. ಕೊಟ್ಟವನು ಖೋಲಿ ಬಿಡುವಾಗ ಮುಂದಿನವನಿಂದ ವಸೂಲು ಮಾಡಿಕೊಂಡ, ಮಾಲೀಕನಿಗೂ ಪಾಲು ಕೊಟ್ಟ. ಹೀಗೆ ಬಾಡಿಗೆದಾರ ಅರ್ಧ ಒಡೆಯನೇ ಆಗಿಬಿಟ್ಟ. ಅದೂ ಕಾನೂನಿಗೆ ವಿರುದ್ಧವಾಗಿ! ಬಾಡಿಗೆ ಏರದ್ದರಿಂದ ರಿಪೇರಿ ಮಾಲೀಕನಿಗೆ ಬೇಡವಾಯಿತು. ಹಳೆಯ ಕಟ್ಟಡಗಳು ಬೀಳತೊಡಗಿದವು. 1969ರಲ್ಲಿ ಸರಕಾರವೇ ರಿಪೇರಿ ಮಂಡಳಿಗೆಂದು ಕಾಯಿದೆ ತರಬೇಕಾಯಿತು. ಕಡೆಗೆ 1999ರ ಬಾಡಿಗೆ ಕಾಯಿದೆ ಪಗಡಿಯನ್ನೂ ಒಪ್ಪಿಕೊಂಡಿತು.

ಇಡಿಗಂಟೇ ಇಲ್ಲದವರ ಪಾಡು? ನಮ್ಮ ಕರಾವಳಿಯಿಂದ ಮುಂಬಯಿಗೆ ಹೋದ ಎಷ್ಟೋ ಹುಡುಗರು ದುಡಿಯುವ ಹೋಟೆಲಿನಲ್ಲೇ ಮಲಗಿದರು. ಹಗಲು ಗಿರಾಕಿಯ ಬೆಂಚು, ರಾತ್ರಿ ಅವರ ಮಂಚ. ದುಡಿಯುವ ಹುಡುಗರು ಓದಲೆಂದು ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಅಲ್ಲಿ ರಾತ್ರಿ ಶಾಲೆ ತೆರೆದಿತ್ತು.

ಬೆಂಚೂ ಸಿಗದವರಿಗೆ ಫುಟ್‌ಪಾತು. 1981ರಲ್ಲಿ ಮುಂಬಯಿಯ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಿ ಊರಿಗೆ ಅಟ್ಟಲು ಹೊರಟಾಗ ಪತ್ರಕರ್ತೆ ಓಲ್ಗಾ ಟೆಲಿಸ್ ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. ಪಗಡಿ ಕೊಟ್ಟವನೂ ಕಾನೂನು ಮೀರಿದವನೇ, ಫುಟ್‌ಪಾತಿನವನೂ ಮೀರಿದವನೇ. ಆದರೆ ಮೊದಲನೆಯವನ ರೂಢಿ ತಡವಾಗಿಯಾದರೂ ಕಾಯಿದೆಯ ಒಳಗೆ ಬಂತು. ಎರಡನೆಯವನಿಗೆ ಸಿಕ್ಕಿದ್ದೇನು ನೋಡಿ. 1985ರ ಜುಲೈಯಲ್ಲಿ ಬಂದ ತೀರ್ಪು, ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದು ಒಪ್ಪಿತು. ಇವರು ಅಲ್ಲಿ ಮಲಗುವುದು ಕೆಲಸ ಹತ್ತಿರ ಅಂತಲೇ ಎಂಬುದನ್ನೂ ಒಪ್ಪಿತು. ಆದರೂ ಫುಟ್‌ಪಾತು ನಡೆಯುವವರದು, ನೋಟೀಸು ಕೊಟ್ಟು ಎಬ್ಬಿಸಬಹುದು ಎಂದಿತು. ಮಳೆಗಾಲ ಕಳೆದು ಒಂದು ತಿಂಗಳು, ಅಂದರೆ ಅಕ್ಟೋಬರ್ 31ರ ತನಕ, ತಡೆಯಿರಿ ಎಂದಿತು.